ಅಂಟುಕಿವಿಯ ವಾರಸುದಾರರು

ಲಕ್ಷ್ಮೀಪುರಂನ ಪ್ರಭುಸ್ವಾಮಿಯವರು ಐವತ್ತೆಂಟು ವರ್ಷ ಯಾರ ಕಿವಿಯನ್ನೂ ನೋಡದೆ ಸುಖವಾಗಿ ಬಾಳಿದವರು. ದೇವರಾಜ ಮಾರುಕಟ್ಟೆಯ ಪಕ್ಕದಲ್ಲಿ ಅವರದೊಂದು ಗ್ರಂಧಿಗೆ ಅಂಗಡಿ. ಬಜೆ, ಜಾಯಿಕಾಯಿ, ಹಿಪ್ಪಲಿ, ವಿಭೂತಿಗಟ್ಟಿ, ಬಾಣಂತಿ ಖಾರದ ಸಾಮಾನು, ಮದುವೆ ಮನೆಗೆ ಬೇಕಾದ್ದು, ಸಾವಿನ ಮನೆಗೆ ಬೇಕಾದ್ದು ಎಲ್ಲವೂ ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದವು. ಗಿರಾಕಿಯ ಮುಖ ನೋಡಿ ಕಾಯಿಲೆ ಊಹಿಸುವುದು, ಪೊಟ್ಟಣ ಬಿಚ್ಚದಂತೆ ದಾರ ಸುತ್ತುವುದು, ಇಷ್ಟೇ ಅವರ ವಿದ್ಯೆ. ಅಂಥವರು ತೊಂಬತ್ತೇಳನೇ ಇಸವಿಯ ಶ್ರಾವಣದಲ್ಲಿ ಮೈಸೂರಿನ ಕಿವಿಗಳ ಮೇಲೆಲ್ಲ ಕಣ್ಣು ಹಾಕಿ, ಪೊಲೀಸರ ಕೈಗೆ ಸಿಕ್ಕಿ, ಬೀಗರ ಮನೆಯಲ್ಲಿ ಮರ್ಯಾದೆ ಕಳೆದುಕೊಂಡು, ಕೊನೆಗೆ ಸ್ವಂತ ಮನೆಯಲ್ಲಿ ಕಾಫಿಯನ್ನೂ ಕಳೆದುಕೊಂಡರಲ್ಲ, ಅದಕ್ಕೆಲ್ಲ ಕಾರಣ ಒಂದು ಹೆಣ್ಣುಕೂಸು. ಕೂಸಿನದೇನೂ ತಪ್ಪಿಲ್ಲ. ಅದು ಹುಟ್ಟಿದ್ದಷ್ಟೆ.

ಸೊಸೆ ಅಕ್ಷತಾ ಬಾಣಂತನಕ್ಕೆಂದು ಕೆಸರೆಯ ತವರಿಗೆ ಹೋಗಿದ್ದಳು. ಅವಳೂ ಮಗ ಶಿವಕುಮಾರನೂ ಸೇರಿ ಕೂಸಿಗೆ ಲಾಸ್ಯ ಎಂದು ಹೆಸರು ಆರಿಸಿದ್ದರು. ಅದು ಶಾಲೆಗೆ ಬೇಕಾಗುವ ಹೆಸರು. ಅದು ಎರಡೂ ಮನೆಯಲ್ಲಿ ಯಾರ ಹೆಸರೂ ಅಲ್ಲವಾದ್ದರಿಂದ ಜಗಳ ಹಿಡಿಯಲು ಅದರಲ್ಲಿ ಜಾಗವೇ ಇರಲಿಲ್ಲ. ಜಗಳವಿದ್ದದ್ದು ತೊಟ್ಟಿಲ ಹೆಸರಿನ ಮೇಲೆ. ತೀರಿಹೋದ ಹಿರಿಯರಲ್ಲಿ ಕೂಸು ಯಾರನ್ನು ಹೋಲುತ್ತದೋ ಅವರ ಹೆಸರನ್ನು, ತೊಟ್ಟಿಲಿಗೆ ಹಾಕುವ ದಿನ ಅದರ ಕಿವಿಯಲ್ಲಿ ಹೇಳುವುದು ಎರಡೂ ಮನೆತನದ ಪದ್ಧತಿ. ಪ್ರಭುಸ್ವಾಮಿಯವರ ಕಡೆಯಿಂದ ಅವರ ತಾಯಿ ಗಿರಿಜಾಂಬಾ ಕಣದಲ್ಲಿದ್ದರು. ಬೀಗರ ಕಡೆಯಿಂದ ಅಕ್ಷತಾಳ ತಾಯಿ ಸುಮಿತ್ರಮ್ಮನವರ ತಾಯಿ ಮಲ್ಲಾಜಮ್ಮ. ಇಬ್ಬರೂ ಕೈಲಾಸ ಸೇರಿ ವರ್ಷಗಳಾಗಿದ್ದರೂ ಚುನಾವಣೆ ಮಾತ್ರ ಬಿರುಸಾಗಿತ್ತು.

ಪ್ರಭುಸ್ವಾಮಿಯವರಿಗೆ ಇದು ಹಟದ ಮಾತಲ್ಲ. ಅವರಿಗೆ ಮೀಸೆ ಮೂಡುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಆಗ ಅಂಗಡಿಯ ಗದ್ದುಗೆಯ ಮೇಲೆ ಬಂದು ಕೂತವರು ಗಿರಿಜಾಂಬಾ. ಹೆಂಗಸು ಅಂಗಡಿಯಲ್ಲಿ ಕೂರುವುದೇ ಆ ಕಾಲಕ್ಕೆ ದೊಡ್ಡ ಸುದ್ದಿ. ಅದರ ಮೇಲೆ ಅವರದು ಅಂಟುಕಿವಿ. ಕಿವಿಯ ಹಾಲೆ ಕೆಳಗೆ ಜೋಲುವುದರ ಬದಲು ನೇರವಾಗಿ ಕೆನ್ನೆಗೆ ಅಂಟಿಕೊಂಡದ್ದು. ಓಲೆ ಕೂರುವ ಜಾಗವಿಲ್ಲದ್ದರಿಂದ ಎರಡು ಬೇವಿನ ಕಡ್ಡಿ ಚುಚ್ಚಿಕೊಂಡು ಕೂರುತ್ತಿದ್ದರು. "ಏನಮ್ಮ, ನಿಮಗೆ ಕಿವಿಯೇ ಇಲ್ಲವಲ್ಲ" ಎಂದು ಯಾರಾದರೂ ಕೆಣಕಿದರೆ, "ತೂಕ ಮಾಡೋಕೆ ಕಿವಿ ಯಾಕಪ್ಪ, ಕಣ್ಣು ಸಾಕು" ಎಂದು ತಕ್ಕಡಿ ಎತ್ತುತ್ತಿದ್ದರು. ಆ ತಾಯಿಯ ಹೆಸರು ಮನೆಯಲ್ಲಿ ಮತ್ತೆ ಕೇಳಬೇಕು ಎನ್ನುವುದೊಂದೇ ಪ್ರಭುಸ್ವಾಮಿಯವರ ಆಸೆ.

"ನೀವೆಲ್ಲಿ ಅತ್ತೇನ ಹೆಸರು ಹಿಡಿದು ಕರೀತಿದ್ರಿ? ಅವ್ವಾ ಅಂತಲ್ವ ಕರೀತಿದ್ದಿದ್ದು?" ಎಂದು ಹೆಂಡತಿ ಪಾರ್ವತಮ್ಮ ಕೇಳಿದರು.

"ಅಪ್ಪ ಕರೀತಿದ್ರು. ಗಿರಿಜಾ ಅಂತ. ಬಾಗಿಲಲ್ಲಿ ಚಪ್ಪಲಿ ಬಿಡೋವಾಗ್ಲೇ ಕೂಗೋರು. ಆಮೇಲೆ ಈ ಮನೇಲಿ ಯಾರೂ ಕೂಗಿಲ್ಲ ಕಣೇ" ಎಂದರು ಪ್ರಭುಸ್ವಾಮಿ.

ಹೀಗಿರುವಾಗ ಕೂಸನ್ನು ನೋಡಲು ಹೋದ ದಿನ ಏನಾಯಿತೆಂದರೆ, ಬೀಗರ ಕಡೆಯವರು ಮೂಗು ತಮ್ಮದೆಂದರು, ಹಣೆ ತಮ್ಮದೆಂದರು, ಅಳುವ ದನಿಯನ್ನೂ ಬಿಡಲಿಲ್ಲ. ಮುಖದ ಮೇಲೆ ತಮಗೆ ಏನೂ ಉಳಿಯದು ಎಂದು ಪ್ರಭುಸ್ವಾಮಿಯವರು ಕಂಗಾಲಾಗಿರುವಾಗ ಕೂಸು ತಲೆ ಹೊರಳಿಸಿತು. ಕಿವಿಯ ಹಾಲೆ ಕೆನ್ನೆಗೆ ಅಂಟಿತ್ತು. ಅವರ ಕೈ ತಾನಾಗಿ ತಮ್ಮ ಕಿವಿಗೆ ಹೋಯಿತು. ಅದೂ ಹಾಗೆಯೇ ಅಂಟಿಕೊಂಡದ್ದು.

"ಮುಗೀತು. ಇದು ನಮ್ಮವ್ವ" ಎಂದುಬಿಟ್ಟರು.

ಸುಮಿತ್ರಮ್ಮ ಸುಮ್ಮನೆ ಸೋಲುವವರಲ್ಲ. "ಎಳೇ ಕೂಸು ಬೀಗರೇ. ದಿನಾ ಎಣ್ಣೆ ಹಚ್ಚಿ ನೀವಿದ್ರೆ ಬಿಟ್ಕೊಳುತ್ತೆ" ಎಂದರು. ಕಿವಿಯನ್ನು ನೀವಿ ನೀವಿ ತಮ್ಮ ತಾಯಿಯನ್ನು ಕೆನ್ನೆಯಿಂದ ಕಿತ್ತುಹಾಕುವ ಈ ಹುನ್ನಾರ ಕೇಳಿ ಪ್ರಭುಸ್ವಾಮಿಯವರು ತಟ್ಟನೆ ಎದ್ದರು. ನಾಮಕರಣಕ್ಕೆ ಮುಂಚೆ ಶಾಸ್ತ್ರಸಿದ್ಧವಾದ ಆಧಾರ ಬೇಕೆಂದು ನಿಶ್ಚಯಿಸಿ, ಸ್ಕೂಟರನ್ನು ನೇರವಾಗಿ ಎದುರುಮನೆ ಮಹದೇವು ಮೇಷ್ಟರ ಬಾಗಿಲಿಗೆ ತಂದು ನಿಲ್ಲಿಸಿದರು.

ಮಹದೇವು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕರು. ಟಿ. ನರಸೀಪುರದ ಕಡೆಯ ಒಕ್ಕಲು ಮನೆಯಿಂದ ಬಂದವರು. ತರಗತಿಯಲ್ಲಿ ಪುಸ್ತಕದ ಭಾಷೆ, ಜಗಲಿಯ ಮೇಲೆ ಊರ ಭಾಷೆ. ಪಾಠ ಕೇಳಲು ಒಬ್ಬರು ತಾವಾಗಿ ಬಂದದ್ದು ಅವರ ವೃತ್ತಿಜೀವನದಲ್ಲಿ ಅದೇ ಮೊದಲು. ಸಂತೋಷ ತಡೆಯಲಾರದೆ ಲುಂಗಿ ಸರಿಮಾಡಿಕೊಂಡು ಕೂತರು.

"ನೋಡಿ ಸ್ವಾಮಿ, ನಿಮ್ಮ ಅಂಗಡಿ ಭಾಷೇಲೇ ಯೋಳ್ತೀನಿ. ಪ್ರತಿ ಗುಣಕ್ಕೂ ಕೂಸಿಗೆ ಎರಡು ಪೊಟ್ಟಣ ಸಿಕ್ತವೆ. ಒಂದು ಅಪ್ಪಂದು, ಒಂದು ಅವ್ವಂದು. ಹಾಲೆ ಜೋಲೋ ಬಿಡಿಕಿವಿ ಪೊಟ್ಟಣ ಹಿಂಗು ಇದ್ದಂಗೆ. ಅಂಟುಕಿವಿ ಪೊಟ್ಟಣ ಜೀರಿಗೆ ಇದ್ದಂಗೆ. ಎರಡರಲ್ಲಿ ಒಂದು ಹಿಂಗು ಆದ್ರೂ ಸಾಕು, ಜೀರಿಗೆ ವಾಸ್ನೆ ಮುಚ್ಚೋಯ್ತದೆ. ಹಿಂಗು ಪ್ರಬಲ, ಜೀರಿಗೆ ದುರ್ಬಲ."

"ನಮ್ಮವ್ವನ ಕಿವಿ ದುರ್ಬಲವೇ?" ಪ್ರಭುಸ್ವಾಮಿಯವರಿಗೆ ಮುಖ ಕೆಂಪಾಯಿತು. "ಕ್ವಿಂಟಾಲ್ ಮೂಟೆ ಜರುಗಿಸ್ತಿದ್ರು ಮೇಷ್ಟ್ರೇ ಅವರು."

"ಮೂಟೆಗೂ ಇದಕ್ಕೂ ಸಂಬಂಧ ಇಲ್ಲ ಬುಡಿ. ದುರ್ಬಲ ಅಂದ್ರೆ ಎದುರಿಗೆ ಕಾಣಿಸ್ಕೊಳಲ್ಲ ಅಂತ ಅಷ್ಟೆ, ನಾಶ ಆಯ್ತದೆ ಅಂತಲ್ಲ. ನಿಮ್ಮ ಮಗನ ಕಿವಿ ನೋಡಿ, ಬಿಡಿಕಿವಿ. ಅದು ಪಾರ್ವತಮ್ಮೋರ ಹಿಂಗು. ನಿಮ್ಮ ಜೀರಿಗೆ ಅವನೊಳಗೆ ಸುಮ್ಕೆ ಕೂತದೆ. ಈಗ ಕೂಸಿಗೆ ಬಂದದೆ."

"ಅಂದ ಮೇಲೆ ಕಿವಿ ನಮ್ಮದೇ ಆಯಿತಲ್ಲ."

"ಅಂಗಲ್ಲ. ನಿಮ್ಮ ಒಂದು ಜೀರಿಗೆ ಸಾಲದು. ಎರಡೂ ಜೀರಿಗೆ ಆದ್ರೇನೇ ಅಂಟುಕಿವಿ ಕಾಣೋದು. ಅಂದ್ರೆ ನಿಮ್ಮ ಸೊಸೆ ಕಡೆಯಿಂದ್ಲೂ ಒಂದು ಬಂದಿರ್ಬೇಕು. ಈ ಕಿವಿ ಅರ್ಧ ನಿಮ್ದು, ಅರ್ಧ ಅವ್ರುದು." ಆಮೇಲೆ ಮೇಷ್ಟರು ತಮ್ಮ ಆತ್ಮಸಾಕ್ಷಿಗಾಗಿ ಇನ್ನೊಂದು ಮಾತು ಸೇರಿಸಿದರು. "ಪುಸ್ತಕದಾಗೆ ಮಕ್ಕಳಿಗೆ ಅರ್ಥವಾಗ್ಲಿ ಅಂತ ಇಷ್ಟು ಸಲೀಸಾಗಿ ಬರ್ದವ್ರೆ. ನಿಜವಾದ ಕಿವಿ ಇಷ್ಟು ಸಲೀಸಲ್ಲ, ಅದಕ್ಕೆ ಇನ್ನೂ ಎಷ್ಟೋ ಸಂಗತಿ ಸೇರ್ಕೊಂಡಿರ್ತವೆ."

ಈ ಕೊನೆಯ ಮಾತನ್ನು ಪ್ರಭುಸ್ವಾಮಿಯವರು ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಅರ್ಧ ಎನ್ನುವ ಮಾತು ಸಿಕ್ಕಿಕೊಂಡಿತ್ತು. ಅರ್ಧ ಕಿವಿ ಇಟ್ಟುಕೊಂಡು ಪೂರ್ತಿ ಹೆಸರು ಕೇಳುವುದು ಹೇಗೆ? ಬೀಗರ ಮನೆಯಲ್ಲಿ ಒಂದೇ ಒಂದು ಅಂಟುಕಿವಿಯೂ ಇಲ್ಲವೆಂದು ತೋರಿಸಿಬಿಟ್ಟರೆ ಮೇಷ್ಟರ ಶಾಸ್ತ್ರ ಸುಳ್ಳಾಗುತ್ತದೆ, ಕಿವಿ ಪೂರ್ತಿ ತಮ್ಮದಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಕಾಣದಿದ್ದರೂ ಒಳಗೆ ಬಚ್ಚಿಟ್ಟುಕೊಂಡಿರಬಹುದು ಎಂದು ಮೇಷ್ಟರು ಗೇಟಿನವರೆಗೂ ಬಂದು ಹೇಳಿದರು. "ಬಚ್ಚಿಟ್ಟಿದ್ದರೆ ಹುಡುಕೋಣ" ಎಂದು ಪ್ರಭುಸ್ವಾಮಿಯವರು ಸ್ಕೂಟರು ಒದ್ದರು.

ಮೊದಲು ಕಣ್ಣಿಗೆ ಅಭ್ಯಾಸವಾಗಬೇಕಲ್ಲ. ಎರಡು ದಿನ ಅಂಗಡಿಯಲ್ಲಿ ಗಿರಾಕಿಗಳ ಕಿವಿ ನೋಡುತ್ತ ಕೂತರು. ಶುಂಠಿ ಕೇಳಿದವರಿಗೆ ಬಜೆ ಹೋಯಿತು, ಲೋಬಾನ ಕೇಳಿದವರಿಗೆ ಸೀಗೆಪುಡಿ ಹೋಯಿತು. ಮೂರನೆಯ ದಿನ ಮಾರುಕಟ್ಟೆಯ ಬಾಗಿಲಲ್ಲಿ ಕರ್ತವ್ಯದ ಮೇಲಿದ್ದ ಮಹಿಳಾ ಪೇದೆಯೊಬ್ಬರ ಕಿವಿ ಅಂಟೋ ಬಿಡಿಯೋ ತಿಳಿಯದೆ, ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಸುತ್ತಿ ನೋಡಿದರು. ಆಕೆ ಅವರ ತೋಳು ಹಿಡಿದು ಹೊರಠಾಣೆಗೆ ಕರೆದೊಯ್ದರು.

ಅಲ್ಲಿ ಕೂತಿದ್ದ ಹೆಡ್‌ಕಾನ್‌ಸ್ಟೇಬಲ್ ದೇವಯ್ಯ ಹಳೆಯ ಗಿರಾಕಿ. "ಏನ್ ಸ್ವಾಮಿ, ಅಶ್ವಗಂಧ ಮಾರೋರು ನೀವು, ಈ ವಯಸ್ಸಲ್ಲಿ ಇದೇನು?" ಎಂದು ನೊಂದುಕೊಂಡರು. ಪ್ರಭುಸ್ವಾಮಿಯವರು ಬೆವರೊರೆಸಿಕೊಂಡು ಮೊಮ್ಮಗಳಿಂದ ಹಿಡಿದು ಜೀರಿಗೆಯವರೆಗೂ ಎಲ್ಲ ಹೇಳಿದರು. ಮಹಿಳಾ ಪೇದೆ ನಗು ಬರುವಷ್ಟರಲ್ಲಿ ಹೊರಗೆ ಹೋದರು. ದೇವಯ್ಯ ಬಾಗಿಲು ಮುಂದೆ ಮಾಡಿ, ಟೋಪಿ ತೆಗೆದಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡರು.

"ನಂದು ಯಾವುದು ನೋಡಿ ಹೇಳಿ."

"ಬಿಡಿಕಿವಿ. ಹಿಂಗು."

"ಹಿಂಗು ಅಂದ್ರೆ ಪ್ರಬಲ ಅಲ್ವ?" ದೇವಯ್ಯನವರಿಗೆ ಆ ವರ್ಷ ಬಡ್ತಿ ಕೈತಪ್ಪಿತ್ತು. ಬಹಳ ದಿನದ ಮೇಲೆ ಒಬ್ಬರ ಬಾಯಲ್ಲಿ ಒಳ್ಳೆಯ ಮಾತು ಕೇಳಿದಂತಾಗಿ, ಚಹಾ ತರಿಸಿ ಕುಡಿಸಿ ಕಳಿಸಿದರು.

ಈ ಜಯದಿಂದ ಧೈರ್ಯ ಬಂದು ಪ್ರಭುಸ್ವಾಮಿಯವರು ಭಾನುವಾರ ಬಾಣಂತಿ ಖಾರದ ಪೊಟ್ಟಣ ಹಿಡಿದು ಕೆಸರೆಗೆ ಹೋದರು. ಬೀಗರು ಚಿಕ್ಕಬಸವಯ್ಯನವರದು ಅಲ್ಲಿ ಹಿಟ್ಟಿನ ಮಿಲ್ಲು. ಹುಬ್ಬಿನ ಮೇಲೆ ರಾಗಿಹಿಟ್ಟು ಇಟ್ಟುಕೊಂಡೇ ಬಂದು ಕೈಮುಗಿದರು. ಸುಮಿತ್ರಮ್ಮ ಉಪ್ಪಿಟ್ಟು ತಂದಿಟ್ಟರು. ಪ್ರಭುಸ್ವಾಮಿಯವರು ಉಪ್ಪಿಟ್ಟನ್ನು ನೋಡಲಿಲ್ಲ. ಸುಮಿತ್ರಮ್ಮನವರ ಕಿವಿಯ ತುಂಬ ಅಗಲವಾದ ಓಲೆ ಕೂತು, ಹಾಲೆ ಅಂಟಿದೆಯೋ ಬಿಟ್ಟಿದೆಯೋ ಒಂದೂ ಕಾಣದಂತೆ ಮಾಡಿತ್ತು.

"ಬೀಗಿತ್ತಮ್ಮ, ಬೇಜಾರಿಲ್ಲ ಅಂದ್ರೆ ಆ ಓಲೆ ಸ್ವಲ್ಪ ತೆಗೀತೀರಾ?"

ಚಿಕ್ಕಬಸವಯ್ಯನವರು ಹೆಂಡತಿಯ ಮುಖ ನೋಡಿದರು.

"ಓಲೆಗೇನಾಗಿದೆ ಬೀಗರೇ?"

"ಓಲೆಗೇನೂ ಆಗಿಲ್ಲ. ಓಲೆ ನನಗೆ ಬೇಡ. ನಾನು ಕಿವಿ ನೋಡಬೇಕಿತ್ತು ಅಷ್ಟೆ."

ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮಲ್ಲಿ ಗಂಡಿನ ಕಡೆಯವರು ಏನನ್ನೂ ಬೇಕು ಎನ್ನುವುದಿಲ್ಲ, ಬೇಡ ಎನ್ನುತ್ತಾರೆ. ಅವರು ಬೇಡ ಎಂದದ್ದನ್ನೆಲ್ಲ ಹೆಣ್ಣಿನ ಕಡೆಯವರು ನೆನಪಿಟ್ಟುಕೊಂಡು ಅಂಗಡಿಗೆ ಹೋಗುತ್ತಾರೆ. ಇದೇ ಪ್ರಭುಸ್ವಾಮಿಯವರು ಮದುವೆ ಮಾತುಕತೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ, "ನಮಗೆ ಸ್ಕೂಟರು ಗೀಟರು ಏನೂ ಬೇಡ" ಎಂದಿದ್ದರು. ಈಗ ಅವರು ಕೆಸರೆಗೆ ಬಂದದ್ದೇ ಆ ಸ್ಕೂಟರಿನಲ್ಲಿ. ಪಾಪ, ಅಂದು ಅವರು ನಿಜವಾಗಿಯೇ ಬೇಡ ಎಂದಿದ್ದರು. ಇಂದೂ ನಿಜವಾಗಿಯೇ ಹೇಳುತ್ತಿದ್ದರು. ನಿಜ ಹೇಳುವ ಗಂಡಿನ ಕಡೆಯವರನ್ನು ಕಂಡು ಗೊತ್ತಿಲ್ಲದವರು ಏನು ಮಾಡಬೇಕು?

ಸುಮಿತ್ರಮ್ಮ ತುಟಿ ಬಿಗಿಹಿಡಿದು ತಿರುಪು ಬಿಚ್ಚಿ ಓಲೆ ಕೈಗೆ ಕೊಟ್ಟರು. ಪ್ರಭುಸ್ವಾಮಿಯವರು ಓಲೆಯನ್ನು ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟು, ಕತ್ತು ಚಾಚಿ ಕಿವಿ ನೋಡಿ, "ಬಿಡಿ. ಬಹಳ ಸಂತೋಷ" ಎಂದರು. ಚಿಕ್ಕಬಸವಯ್ಯನವರ ಕಿವಿಯ ಹಿಟ್ಟು ಒರೆಸಿ ನೋಡಿದರು, ಅದೂ ಬಿಡಿ. ಬಾಣಂತಿ ಕೋಣೆಯ ಬಾಗಿಲಲ್ಲೇ ನಿಂತು ಅಕ್ಷತಾಳಿಗೆ ತಲೆಗೆ ಸುತ್ತಿದ ಬಟ್ಟೆ ಸರಿಸುವಂತೆ ಹೇಳಿ ನೋಡಿದರು, ಅವಳದೂ ಬಿಡಿ. ಗೆದ್ದೇಬಿಟ್ಟೆ ಎಂದುಕೊಂಡು ತಿರುಗುವಾಗ ನಡುಮನೆಯ ಕಂಬದ ಪಕ್ಕ ಚಿಕ್ಕಬಸವಯ್ಯನವರ ತಾಯಿ ಬಸಮ್ಮ ಕಂಡರು. ಎಂಬತ್ತು ದಾಟಿದ ಅಜ್ಜಿ. ತಲೆಯ ಮೇಲೆ ಸೆರಗು, ಆ ಸೆರಗಿನ ಅಂಚು ಎರಡೂ ಕಿವಿಯ ಮೇಲೆ ಬಿಗಿಯಾಗಿ ಇಳಿದು ಗಲ್ಲದ ಕೆಳಗೆ ಸೇರಿತ್ತು.

"ಅಜ್ಜಿಯವರದೊಂದು ಉಳೀತು" ಎಂದರು ಪ್ರಭುಸ್ವಾಮಿ.

ಬಸಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸುಮಿತ್ರಮ್ಮ ಗಂಡನ ಕಡೆಗೆ ನೋಡಿದ ನೋಟದಲ್ಲಿ ಒಂದು ಪುಸ್ತಕದಷ್ಟು ಅರ್ಥವಿತ್ತು. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಜೊತೆ ಹಳೆಯ ಕೆಂಪಿನ ಓಲೆ ಇರುವುದು ಇಡೀ ಬಂಧುಬಳಗಕ್ಕೆ ಗೊತ್ತಿತ್ತು. ಅಜ್ಜಿ ಅದನ್ನು ಹಾಕಿಕೊಂಡದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಚಿಕ್ಕಬಸವಯ್ಯ ಬಂದು ನಿಂತಿದ್ದರು. ಸುಮಿತ್ರಮ್ಮನವರ ಓಲೆಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ತಕ್ಕಡಿಯ ಪಕ್ಕ ಇಟ್ಟರು.

"ಇದನ್ನ ಯಾಕೆ ತಂದ್ರಿ? ಇದು ನನಗೆ ಬೇಡ ಅಂತ ನಿನ್ನೇನೇ ಹೇಳಿದೆನಲ್ಲ ಬೀಗರೇ. ಅಜ್ಜಿಯವರ ಕಿವಿ ಒಂದು ಸಲ ನೋಡಿದ್ರೆ ಸಾಕು, ನನ್ನ ಮನಸ್ಸಿಗೆ ಸಮಾಧಾನ."

"ಅವರು ಯಾರಿಗೂ ತೋರಿಸಲ್ಲ ಬೀಗರೇ. ಹೆತ್ತ ಮಗ, ನಾನೇ ನೋಡಿಲ್ಲ."

"ಪ್ರಯತ್ನ ಮಾಡಿ ನೋಡಿ. ನನ್ನದು ಬಲವಂತ ಏನಿಲ್ಲ."

ಬಲವಂತ ಏನಿಲ್ಲ ಎಂದ ಮೇಲೆ ಇನ್ನೇನು ಉಳಿಯಿತು. ಚಿಕ್ಕಬಸವಯ್ಯನವರು ಕರವಸ್ತ್ರ ಎತ್ತಿಕೊಂಡು, ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಮೆಟ್ಟಿಲಿಳಿದು ಹೋದರು.

ಅಂದು ಸಂಜೆ ಅಕ್ಷತಾ ಫೋನು ಮಾಡಿದಳು. ಶಿವಕುಮಾರ ಕೇಳಿಸಿಕೊಂಡ. ರಿಸೀವರು ಇಟ್ಟು ಅಪ್ಪನ ಮುಂದೆ ಬಂದು ನಿಂತ.

"ಅವರಜ್ಜೀದು ಕೆಂಪಿನ ಓಲೆ ಬೇಕು ಅಂದ್ರಂತೆ."

"ಯಾರು?"

"ನೀವು. ಅವರಮ್ಮನ ಓಲೆ ಬಿಚ್ಚಿಸಿ ನೋಡಿ, ಇದು ಸಾಲದು ಅಂದ್ರಂತೆ. ಅವಳು ಅಳ್ತಿದಾಳೆ. ಹೆಣ್ಣು ಹುಟ್ಟಿತು ಅಂತಾನೇ ಮಾವ ಹೀಗೆ ಮಾಡ್ತಿದಾರಾ, ಕೂಸನ್ನ ಎತ್ಕೊಂಡು ಆ ಮನೆಗೆ ಹೇಗೆ ಬರಲಿ ಅಂತ ಕೇಳಿದ್ಲು."

ಪ್ರಭುಸ್ವಾಮಿಯವರು ಬಾಯಿ ತೆರೆದರು. ಹಿಂಗು, ಜೀರಿಗೆ, ಅರ್ಧ ಕಿವಿ ಎಂದು ಏನೇನೋ ಹೊರಬಂತು. ಕೇಳುತ್ತ ಕೇಳುತ್ತ ಮಗನಿಗೆ ಸಿಟ್ಟು ಹೋಗಿ ಭಯ ಬಂತು. ಪಾರ್ವತಮ್ಮ ಮಾತ್ರ ತಣ್ಣಗೆ, "ಕೂಸು ಈ ಮನೆಗೆ ಬರೋವರೆಗೂ ನಿಮಗೆ ಕಾಫಿ ಇಲ್ಲ" ಎಂದು ಒಳಗೆ ಹೋದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವರು ಹೇಳಿ ಮಾಡದೇ ಇದ್ದದ್ದು ಯಾವುದೂ ಇರಲಿಲ್ಲ.

ವಿವರಿಸಲು ಪ್ರಭುಸ್ವಾಮಿಯವರು ಕೆಸರೆಗೆ ಫೋನು ಮಾಡಿದರು. "ನಮಗೆ ಓಲೆ ಖಂಡಿತ ಬೇಡ" ಎಂದು ಎಷ್ಟು ಜೋರಾಗಿ ಹೇಳಿದರೋ ಅಷ್ಟೂ ಆ ಕಡೆಯಲ್ಲಿ ಮೌನ ಹೆಚ್ಚಿತು. ಮಹದೇವು ಮೇಷ್ಟರನ್ನು ಸಾಕ್ಷಿಗೆ ಕರೆದೊಯ್ಯೋಣವೆಂದರೆ, "ನಾಮಕರಣಕ್ಕೆ ಬತ್ತೀನಿ. ಮೊದ್ಲೇ ಬಂದ್ರೆ ಓಲೆಗೆ ದಲ್ಲಾಳಿ ಅನ್ಕತಾರೆ" ಎಂದು ಅವರು ಜಾರಿಕೊಂಡರು. ಹೊರಗೆ ಕಾಫಿ ಕುಡಿಯಲು ಮನಸ್ಸು ಬಾರದೆ ಪ್ರಭುಸ್ವಾಮಿಯವರು ಅಂಗಡಿಯಲ್ಲಿ ಕಷಾಯ ಕುಡಿಯುತ್ತ ಕೂತರು. ತಾಯಿ ಕೂರುತ್ತಿದ್ದ ಜಾಗ ಅದು. ಹೆಸರು ಹೋದರೆ ಹೋಗಲಿ, ಕೂಸು ಮನೆಗೆ ಬಂದರೆ ಸಾಕು ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ ಕಣ್ಣಲ್ಲಿ ನೀರು ಬಂತು. ಎದುರಿಗಿದ್ದ ಗಿರಾಕಿ ಅದು ಮೆಣಸಿನಪುಡಿಯ ಘಾಟು ಎಂದುಕೊಂಡು ತಾನೂ ಮೂಗು ಮುಚ್ಚಿಕೊಂಡ.

ತೊಟ್ಟಿಲಿಗೆ ಹಾಕುವ ದಿನ ಬಂತು. ಕೆಸರೆಯ ಮನೆಯ ತುಂಬ ಜನ. ಕೂಸಿಗೆ ಲಿಂಗಧಾರಣೆ ಮಾಡಿಸಿ ಅಯ್ಯನವರು ಒಂದು ಕಡೆ ಕೂತಿದ್ದರು. ತೊಟ್ಟಿಲಿಗೆ ಸೇವಂತಿಗೆ ಹಾರ ಕಟ್ಟಿತ್ತು. ಪ್ರಭುಸ್ವಾಮಿಯವರು ಒಳಗೆ ಬಂದ ಕೂಡಲೇ ಹೆಂಗಸರೆಲ್ಲ ಸೆರಗೆಳೆದು ಕಿವಿ ಮುಚ್ಚಿಕೊಂಡರು. ಅಕ್ಷತಾ ತಲೆ ಎತ್ತಲಿಲ್ಲ. ಎಲ್ಲರಿಗಿಂತ ಹಿಂದೆ ನಿಂತಿದ್ದ ಮಹದೇವು ಮೇಷ್ಟರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

"ಹೆಸರು ಯಾರು ಹೇಳ್ತೀರಪ್ಪ? ಯಾವ ಹೆಸರು?" ಎಂದು ಅಯ್ಯನವರು ಕೇಳಿದರು.

ಪ್ರಭುಸ್ವಾಮಿಯವರು ಎದ್ದು ನಿಂತರು. "ಮಲ್ಲಾಜಮ್ಮ ಅಂತಲೇ ಇಡಿ. ನನ್ನದೇನೂ ಇಲ್ಲ. ನನಗೆ ಏನೂ ಬೇಡ."

ಏನೂ ಬೇಡ ಎನ್ನುವ ಮಾತು ಕೇಳಿ ಸುಮಿತ್ರಮ್ಮ ಬೆಚ್ಚಿದರು. ಓಲೆಯ ಜೊತೆಗೆ ಇನ್ನೂ ಏನೇನು ಬೇಕೋ ಎಂದು ಚಿಕ್ಕಬಸವಯ್ಯನವರು ಗೋಡೆಗೆ ಒರಗಿದರು. ಆಗ ಒಳಕೋಣೆಯ ಬಾಗಿಲು ತೆರೆದು ಬಸಮ್ಮ ಬಂದರು. ನೆಟ್ಟಗೆ ಪ್ರಭುಸ್ವಾಮಿಯವರ ಹತ್ತಿರ ಬಂದು, ಕೈ ಹಿಡಿದು, ಕುಂಕುಮದ ಭರಣಿಯಂಥದ್ದನ್ನು ಅಂಗೈಯಲ್ಲಿಟ್ಟರು. ಒಳಗೆ ಕೆಂಪಿನ ಓಲೆ ಇತ್ತು.

"ತಕ್ಕೊಳಪ್ಪ. ಇದ್ಕೆ ಇಷ್ಟೊಂದು ರಾದ್ಧಾಂತ ಯಾಕೆ? ನಂಗಂತೂ ಆಗ್ಲಿಲ್ಲ. ಕೂಸು ಅವ್ವನ ಜೊತೆ ಅದರ ಮನೆ ಸೇರ್ಕೊಳ್ಳಲಿ."

ಪ್ರಭುಸ್ವಾಮಿಯವರು ಭರಣಿಯನ್ನು ಅಜ್ಜಿಯ ಕೈಗೇ ತಿರುಗಿಸಿ ಇಟ್ಟರು. "ಅಜ್ಜಿ, ನಿಮ್ಮ ಪಾದದಾಣೆಗೂ ನನಗೆ ಇದು ಬೇಕಿರಲಿಲ್ಲ. ಕೂಸಿನ ಕಿವಿ ನಮ್ಮವ್ವಂದು. ನಂದೂ ಹಾಗೇ ಇದೆ, ನೋಡಿ." ಕತ್ತು ಬಗ್ಗಿಸಿ ತಮ್ಮ ಕಿವಿಯನ್ನು ಎಳೆದು ತೋರಿಸಿದರು. "ಅಂಟಿಕೊಂಡಿದೆ. ಅವ್ವ ಓಲೆ ಹಾಕೋಕಾಗದೆ ಬೇವಿನ ಕಡ್ಡಿ ಚುಚ್ಕೊಂಡು, ಎಲ್ಲರ ಎದುರಿಗೆ ಅಂಗಡೀಲಿ ಕೂತು ವ್ಯಾಪಾರ ಮಾಡಿ ನನ್ನ ಸಾಕಿದ್ಲು. ಇದು ನಿಮ್ಮ ಕಡೆ ಎಲ್ಲೂ ಇಲ್ಲ ಅಂತ ತೋರಿಸಿದ್ರೆ ಅವಳ ಹೆಸರಿಡಬಹುದು ಅಂದ್ಕೊಂಡೆ. ಅಷ್ಟೇ ಅಜ್ಜಿ."

ಅಜ್ಜಿ ಆ ಕಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಎಲ್ಲಾರ ಎದುರ್ಗೂ ಕೂತಿದ್ಲಾ? ಮುಚ್ಕೊಳ್ದೆ?" ಎಂದು ಕೇಳಿದರು.

"ಮುಚ್ಕೊಳ್ತಿರ್ಲಿಲ್ಲ ಅಜ್ಜಿ. ಕೇಳ್ದೋರಿಗೆ ತೂಕ ಮಾಡೋಕೆ ಕಿವಿ ಯಾಕೆ ಅನ್ನೋಳು."

ಬಸಮ್ಮನವರು ಗಲ್ಲದ ಕೆಳಗೆ ಹಿಡಿದಿದ್ದ ಸೆರಗನ್ನು ಬಿಟ್ಟರು. ಅದು ಹಿಂದಕ್ಕೆ ಜಾರಿತು. ಎರಡು ಸಣ್ಣ ಕಿವಿ, ಹಾಲೆ ಕೆನ್ನೆಗೆ ಅಂಟಿಕೊಂಡದ್ದು. ತೊಟ್ಟಿಲಲ್ಲಿದ್ದ ಕಿವಿಯೇ ಅರವತ್ತು ವರ್ಷಕ್ಕೂ ಮೇಲೆ ಬಿಸಿಲು ಕಾಣದೆ ಮುದಿಯಾದಂತಿತ್ತು.

"ನಮ್ಮಪ್ಪ ಮದ್ವೆಗೆ ಅಂತ ಆ ಓಲೆ ಮಾಡ್ಸಿದ. ಕೂರ್ಲಿಲ್ಲ. ಕಿವಿ ಇಲ್ದಿರೋ ಸೊಸೆ ತಂದ್ಬುಟ್ವಿ ಅಂದ್ರು ನಮ್ಮತ್ತೆ, ಧಾರೆ ಮಂಟಪದಲ್ಲೇ. ಅವತ್ತು ಮುಚ್ಕೊಂಡೋಳು."

ಚಿಕ್ಕಬಸವಯ್ಯನವರು ತಾಯಿಯ ಕಿವಿಯನ್ನು ಮೊದಲ ಸಲ ನೋಡುತ್ತಿದ್ದರು. ಕ್ಯಾಲೆಂಡರಿನ ಕಡೆಯಿಂದ, "ಎರಡು ಕಡೆಯಿಂದ್ಲೂ ಬರ್ಬೇಕು ಅಂತ ನಾ ಯೋಳಿರ್ಲಿಲ್ವ" ಎಂದು ಒಂದು ದನಿ ಕೇಳಿತು. ಯಾರೂ ಆ ಕಡೆ ತಿರುಗಲಿಲ್ಲ.

ಪ್ರಭುಸ್ವಾಮಿಯವರಿಗೆ ತಾವು ಸೋತದ್ದು ಗೊತ್ತಾಯಿತು. ಆದರೆ ಸೋತವರಂತೆ ಅವರಿಗೆ ಅನ್ನಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಕಿವಿಯನ್ನು ಕಂಡಂತಾಗಿತ್ತು. "ಹಾಗಾದ್ರೆ ಕೂಸಿಗೆ ಬಸಮ್ಮ ಅಂತ ಇಡೋಣ" ಎಂದರು.

"ನಾ ಇನ್ನೂ ಸತ್ತಿಲ್ಲ ಕಣಪ್ಪ" ಎಂದರು ಬಸಮ್ಮ.

ಅಯ್ಯನವರೇ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಅಕ್ಷತಾಳೂ ನಕ್ಕಳು. ಬಸಮ್ಮ ಸೊಸೆಯ ಕಡೆ ತಿರುಗಿ, "ನಿಮ್ಮವ್ವ ಒಳ್ಳೇಳು ಕಣೇ ಸುಮಿತ್ರಾ. ಅವಳ ಹೆಸರು ಮುಂದಿನ ಕೂಸಿಗೆ ಇಟ್ಕೋ. ಇದ್ಕೆ ಆಯಮ್ಮಂದೇ ಇರ್ಲಿ. ಈ ಕಿವಿ ಇಟ್ಕೊಂಡು ಮುಚ್ಕೊಳ್ದೆ ಬದುಕ್ದೋಳ ಹೆಸರು ಬೇಕು ಇದ್ಕೆ, ನನ್ನಂಗೆ ಮುಚ್ಕೊಂಡೋಳದ್ದಲ್ಲ" ಎಂದರು. ಸುಮಿತ್ರಮ್ಮ ಕಣ್ಣೊರೆಸಿಕೊಂಡು ತಲೆಯಾಡಿಸಿದರು.

ಪ್ರಭುಸ್ವಾಮಿಯವರು ಬಗ್ಗಿ, ಆ ಪುಟ್ಟ ಅಂಟುಕಿವಿಯಲ್ಲಿ ತಾಯಿಯ ಹೆಸರು ಹೇಳಿದರು. ಕೂಸು ಕಿರುಚಿಕೊಂಡಿತು. ದನಿ ಯಾರದು ಎನ್ನುವ ಚರ್ಚೆಗೆ ಈ ಸಲ ಯಾರೂ ಇಳಿಯಲಿಲ್ಲ. ಊಟದ ಪಂಕ್ತಿಯಲ್ಲಿ ಬಸಮ್ಮ ಸೆರಗನ್ನು ಎರಡೂ ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ಎಲ್ಲರ ನಡುವೆ ಕೂತು ಹೋಳಿಗೆ ಉಂಡರು.

ಕೈತೊಳೆಯುವಾಗ ಚಿಕ್ಕಬಸವಯ್ಯನವರು ಪ್ರಭುಸ್ವಾಮಿಯವರನ್ನು ಪಕ್ಕಕ್ಕೆ ಕರೆದರು. "ಬೀಗರೇ, ಆ ಓಲೆ ನಿಮಗೆ ನಿಜವಾಗ್ಲೂ ಬೇಡವೇನ್ರಿ?"

"ಖಂಡಿತ ಬೇಡ ಬೀಗರೇ. ನಮ್ಮವ್ವನ ಆಣೆ."

ಚಿಕ್ಕಬಸವಯ್ಯನವರು ತಲೆದೂಗಿ, ಒಳಗಿದ್ದ ಹೆಂಡತಿಗೆ ತಗ್ಗಿದ ದನಿಯಲ್ಲಿ, "ಬೇಡವಂತೆ. ಮಡಿಲಕ್ಕಿ ಜೊತೆ ಇಟ್ಟುಬಿಡು" ಎಂದರು.

ಬಾಣಂತನ ಮುಗಿದು ಕೂಸು ಲಕ್ಷ್ಮೀಪುರಂಗೆ ಬಂತು. ಜೊತೆಗೆ ಕೆಂಪಿನ ಓಲೆಯೂ ಬಂತು. ಅದು ಈ ಮನೆಯಲ್ಲೂ ಯಾರ ಕಿವಿಗೂ ಹೋಗದೆ ದೇವರ ಮುಂದೆ ಕೂತಿತು. ಪಾರ್ವತಮ್ಮ ಮಾತಿಗೆ ತಪ್ಪದೆ ಆ ದಿನವೇ ಗಟ್ಟಿಯಾಗಿ ಕಾಫಿ ಮಾಡಿಟ್ಟರು. ಪ್ರಭುಸ್ವಾಮಿಯವರು ಮಧ್ಯಾಹ್ನವೇ ಅಂಗಡಿಯ ಬಾಗಿಲು ಎಳೆದುಕೊಂಡು ಬಂದರು. ಅಪ್ಪ ಕೂಗುತ್ತಿದ್ದಂತೆಯೇ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಗಿರಿಜಾ ಎಂದು ಕೂಗಬೇಕೆಂದು ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಅಭ್ಯಾಸ ಮಾಡಿದ್ದರು. ಚಪ್ಪಲಿ ಬಿಟ್ಟರು. ತೊಟ್ಟಿಲ ಕಡೆ ನೋಡಿದರು. ಬಾಯಿ ತೆರೆದರು. ಹೊರಗೆ ಬಂದದ್ದು ಮಾತ್ರ, "ಅವ್ವಾ."

ತೊಟ್ಟಿಲಲ್ಲಿ ಕೂಸು ಆ ಕಡೆಗೆ ತಲೆ ಹೊರಳಿಸಿತು.